ಒತ್ತಿದ ಮೇಲೊಂದು ಬೆಸುಗೆ

ದಾನಮ್ಮ ಮುಟ್ಟಿದ್ದಷ್ಟೇ, ಲಗ್ಗು ಕಳಚಿ ಅವಳ ಕೈಗೆ ಬಂತು. ಊಟದ ಡಬ್ಬಿಗೆ ಜಾಗ ಮಾಡೋಣವೆಂದು ಗಂಡನ ಗಾಡಿ ರಿಪೇರಿ ಅಂಗಡಿಯ ಮೇಜಿನ ಮೇಲಿದ್ದ ದಪ್ಪ ಕೆಂಪು ಕೇಬಲ್ಲನ್ನು ಪಕ್ಕಕ್ಕೆ ಸರಿಸಿದ್ದಳು, ಬೇರೇನೂ ಮಾಡಿರಲಿಲ್ಲ. ಕೇಬಲ್ಲಿನ ತುದಿಗೆ ಕೂರಿಸುವ, ಬೋಲ್ಟಿಗೆ ಸಿಕ್ಕಿಸಲು ತೂತಿರುವ ಆ ತಾಮ್ರದ ತುಂಡು ನಾಲ್ಕೈದು ಎಳೆಗಳ ಮೇಲೆ ನೇತಾಡುತ್ತಿತ್ತೆಂದು ಕಾಣುತ್ತದೆ. ಅವೂ ಈಗ ಹರಿದಿದ್ದವು. ಅವಳು ಗಂಡನ ಕಡೆ ನೋಡಿದಳು. ಅನಿಲಕುಮಾರ ಟೆಂಪೊದ ಬಾನೆಟ್ಟಿನೊಳಗೆ ಸೊಂಟದವರೆಗೆ ಬಗ್ಗಿದ್ದ. ನೋಡಿರಲಿಲ್ಲ.

ತಾನೇ ಏನೋ ಮುರಿದೆನೆಂಬ ಅಳುಕಿನಲ್ಲಿ ಅವಳು ಲಗ್ಗನ್ನು ಬಾಗಿಲ ಬೆಳಕಿಗೆ ಹಿಡಿದಳು. ಅದರ ಕೊಳವೆಯನ್ನು ಸುತ್ತಿಗೆಯಿಂದ ಬಡಿದು ಒತ್ತಲಾಗಿತ್ತು. ಒತ್ತಿದ್ದರ ಮೇಲೆ ಬೆಸುಗೆ ತುಂಬಿ, ಅದು ಬೆಳ್ಳಿಯ ಹನಿಯ ಹಾಗೆ ಹೊಳೆಯುತ್ತಿತ್ತು. ಗಂಡನ ಕೈಕೆಲಸ ಅವಳಿಗೆ ಗೊತ್ತಾಗದೆ ಇರುತ್ತದೆಯೆ? ಒತ್ತಿದ ಜಾಗ ಸಡಿಲಾಗಿರಲಿಲ್ಲ. ಬೆಸುಗೆಯೂ ಬಿಟ್ಟಿರಲಿಲ್ಲ. ಆದರೆ ಬೆಸುಗೆ ಎಳೆಗಳ ನಡುವೆ ಎಲ್ಲಿಯವರೆಗೆ ಇಳಿದಿತ್ತೋ ಸರಿಯಾಗಿ ಅಲ್ಲಿಗೆ, ಕತ್ತರಿ ಹಾಕಿದಂತೆ, ತಂತಿ ತುಂಡಾಗಿತ್ತು.

ಶುಕ್ರವಾರ ಅವಳಿಗೆ ರಜೆ. ರಬಾಳೆಯ ಎಮ್‌ಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ಗಾಡಿಗಳಿಗೆ ವೈರಿಂಗ್ ಕಟ್ಟುವ ಒಂದು ಕಂಪನಿಯಲ್ಲಿ ಅವಳಿಗೆ ಆರು ವರ್ಷದ ಕೆಲಸ. ಮೊದಲ ನಾಲ್ಕು ವರ್ಷ ಮೆಷಿನ್ನಿನ ಮುಂದೆ ಕೂತು ತಂತಿಗಳ ತುದಿಗೆ ಟರ್ಮಿನಲ್ ಒತ್ತಿದ್ದಳು. ಸಂಜೆ ಕ್ಲಾಸಿಗೆ ಹೋಗಿ ಹತ್ತನೆಯದು ಪಾಸಾದ ಮೇಲೆ ಚೆಕಿಂಗ್ ಟೇಬಲ್ಲಿಗೆ ಹಾಕಿದರು. ಬೇರೆಯವರು ಒತ್ತಿದ್ದನ್ನು ಎಳೆದು ನೋಡುವುದು, ಅಲುಗಿಸಿ ನೋಡುವುದು ಅಲ್ಲಿನ ಕೆಲಸ. ಹೋದ ಮಾರ್ಚಿನಲ್ಲಿ ಹೊಸ ಹುಡುಗಿಯೊಬ್ಬಳು ತಾನು ಒತ್ತಿದ್ದು ಸರಿ ಬಂದಿಲ್ಲವೆಂದು ಹೆದರಿ, ಯಾರಿಗೂ ಹೇಳದೆ ಅದರ ಮೇಲೆ ಬೆಸುಗೆ ಹಾಕಿ ಕಳಿಸಿದ್ದಳು. ಸೂಪರ್‌ವೈಸರ್ ಜಯಲತಾ ಮೇಡಂ ಬೈಯಲಿಲ್ಲ. ಬೆಸುಗೆ ಇದ್ದದ್ದೊಂದು, ಇಲ್ಲದ್ದೊಂದು ತಂತಿಯನ್ನು ಅಲುಗಿಸುವ ಮೆಷಿನ್ನಿಗೆ ಕಟ್ಟಿ, ನೋಡುತ್ತಿರಿ ಎಂದರು. ಬೆಸುಗೆ ಇಲ್ಲದ್ದು ಸಂಜೆಯವರೆಗೂ ಅಲುಗಾಡುತ್ತಲೇ ಇತ್ತು. ಬೆಸುಗೆ ಹಾಕಿದ್ದು ಹನ್ನೊಂದರ ಚಹಾದ ಹೊತ್ತಿಗೇ ಮುರಿದು ಬಿದ್ದಿತು. ಬೆಸುಗೆ ಎಳೆಗಳ ಸಂದಿಯಲ್ಲಿ ಒಳಗೊಳಗೇ ಏರುತ್ತದೆ, ಏರಿದಷ್ಟು ದೂರ ತಂತಿ ಕಡ್ಡಿಯಾಗುತ್ತದೆ, ಗಾಡಿಯ ನಡುಕವೆಲ್ಲ ಆ ಕಡ್ಡಿ ಮುಗಿಯುವ ಒಂದೇ ಜಾಗದ ಮೇಲೆ ಬೀಳುತ್ತದೆ ಎಂದು ಮೇಡಂ ವಿವರಿಸಿದರು.

ಆ ಸಂಜೆ ಮನೆಯಿರುವ ದಿವಾಕ್ಕೆ ಬರುವ ರೈಲಿನಲ್ಲಿ ನಿಂತೇ ದಾನಮ್ಮ ಇದನ್ನು ಗಂಡನಿಗೆ ಹೇಗೆ ಹೇಳುವುದೆಂದು ಯೋಚಿಸಿದ್ದಳು. ಮನೆಗೆ ಬಂದರೆ ಅವನು ಉಂಡು, ದಣಿದು ಕೂತಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡಳು. ಆಮೇಲೆ ಹೇಳಲೇ ಇಲ್ಲ. ಇಪ್ಪತ್ತು ವರ್ಷ ಗಾಡಿ ಕೆಲಸ ಮಾಡಿದವನಿಗೆ ತಾನೇನು ಹೇಳುವುದು ಎಂಬ ಸಬೂಬು ಕೈಗೆ ಸುಲಭವಾಗಿ ಸಿಕ್ಕಿತ್ತು.

"ಇದು ಯಾವಾಗ ಹಾಕಿದ್ದು ರೀ?" ಎಂದು ಕೇಳಿದಳು.

ಅನಿಲಕುಮಾರ ತಲೆ ಎತ್ತದೆಯೇ, ಭಿವಂಡಿಯ ಟೆಂಪೊ, ಬೆಳಿಗ್ಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು, ಹಳೆ ಗಾಡಿ, ಎಲ್ಲ ಅದುರುತ್ತದೆ ಎಂದ. "ಸಾಲಿ ಸುರು ಆಗೂ ಮುಂದ ಹಾಕಿದ್ದೆ," ಎಂದು ಸೇರಿಸಿದ.

ಶಾಲೆ ಶುರುವಾಗುವ ಮುಂಚೆ ಎಂದರೆ ಜೂನ್. ಈಗ ನವೆಂಬರ್. ಅದೇ ವಾರ ಅವನು ಸರ್ವೋತ್ತಮನ ಸ್ಕೂಲ್ ವ್ಯಾನಿಗೂ ಹೊಸ ಕೇಬಲ್ ಹಾಕಿದ್ದ. ಕೇಬಲ್ಲಿನ ಸುರುಳಿ ತರಲು ಕಲ್ಯಾಣಕ್ಕೆ ಅವನ ಜೊತೆ ಅವಳೇ ಹೋಗಿದ್ದಳಲ್ಲ. ಸರ್ವೋತ್ತಮ ಕುಂದಾಪುರದ ಕಡೆಯವನು. ಮೊದಲು ಡೊಂಬಿವಲಿಯ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದ, ಈಗ ದಿವಾದ ಹನ್ನೊಂದು ಮಕ್ಕಳನ್ನು ಡೊಂಬಿವಲಿ ಎಮ್‌ಐಡಿಸಿಯ ಶಾಲೆಗೆ ಕರೆದೊಯ್ದು ತರುತ್ತಾನೆ. ಶಾಲೆಯ ಬಳಿ ನಿಲ್ಲುವ ಉಳಿದ ವ್ಯಾನಿನವರಲ್ಲಿ ಹೆಚ್ಚಿನವರನ್ನು ಅನಿಲಕುಮಾರನ ಅಂಗಡಿಗೆ ಕಳಿಸಿದವನೂ ಅವನೇ. ಬೇರೆ ಮಿಸ್ತ್ರಿಗಳು ಒತ್ತಿ ಬಿಡುತ್ತಾರೆ, ಇಲ್ಲವೇ ಬರೀ ಬೆಸುಗೆ ಹಾಕುತ್ತಾರೆ, ನಮ್ಮ ಅನಿಲಣ್ಣ ಎರಡೂ ಮಾಡುತ್ತಾರೆ, ಅವರು ಕಟ್ಟಿದ್ದು ಬಿಚ್ಚುವುದಿಲ್ಲ ಎಂದು ಹೋದಲ್ಲೆಲ್ಲ ಹೇಳುತ್ತಾನೆ.

ನಿನ್ನೆ ರಾತ್ರಿ ಅವನ ಫೋನು ಬಂದಿತ್ತು. ಗಾಡಿ ಒಮ್ಮೆಗೇ ಸ್ಟಾರ್ಟ್ ಆಗುವುದಿಲ್ಲ, ಎರಡು ಮೂರು ಸಲ ಕೀಲಿ ತಿರುಗಿಸಬೇಕು ಎಂದಿದ್ದ. ಬ್ಯಾಟರಿ ಹೋಗಿರಬೇಕು, ಭಾನುವಾರ ಬನ್ನಿ ಎಂದಿದ್ದ ಅನಿಲಕುಮಾರ.

ದಾನಮ್ಮ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು ಮುಕ್ಕಾಲು. ಶಾಲೆ ಬಿಡುವುದು ಹನ್ನೆರಡೂವರೆಗೆ.

"ಸರ್ವೋತ್ತಮಣ್ಣನ ಗಾಡಿಗೂ ಹಿಂಗ ಹಾಕೀರೇನು?"

"ಎಲ್ಲಾರಿಗೂ ಹಿಂಗ ಹಾಕ್ತೀನಿ. ಯಾಕ?"

ಅವಳು ಲಗ್ಗನ್ನು ಅವನ ಮುಂದೆ ಹಿಡಿದಳು. ಮಾರ್ಚಿನಲ್ಲಿ ಕಂಡದ್ದನ್ನು, ಜಯಲತಾ ಮೇಡಂ ಹೇಳಿದ್ದನ್ನು, ಈಗ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಿದ್ದಂತೆ ತನ್ನ ಮಾತು ತನಗೇ ಬಾಯಿಪಾಠ ಒಪ್ಪಿಸಿದ ಹಾಗೆ ಕೇಳಿಸಿತು. ಅನಿಲಕುಮಾರ ಕೈ ಒರೆಸಿಕೊಳ್ಳುತ್ತ ಕೊನೆಯವರೆಗೂ ಕೇಳಿದ. ಅವನಿಗೆ ಸಿಟ್ಟು ಬರುತ್ತಿದೆಯೆಂದು ಬಟ್ಟೆಯನ್ನು ಬೆರಳುಗಳ ಸಂದಿಗೆ ತುರುಕಿ ಒರೆಸುವುದರಲ್ಲೇ ಗೊತ್ತಾಗುತ್ತಿತ್ತು.

"ನಿಮ್ಮ ಕಂಪನ್ಯಾಗ ಒತ್ತೂದು ಮಷೀನ್. ನನ್ನ ಹಂತೇಕ ಸುತ್ತಿಗಿ ಅದ. ಸುತ್ತಿಗಿ ಮ್ಯಾಲ ಭರೋಸಾ ಇಲ್ಲ ಅಂತನ ಝಾಲ್ ಹಾಕ್ತೀನಿ. ಹಾಕ್ಬ್ಯಾಡ ಅಂದ್ರ ಬರೇ ಸುತ್ತಿಗಿ ಏಟಿನ ಮ್ಯಾಲ ಗಾಡಿ ಬಿಡ್ಲೇನು?"

ಅವನು ಹೇಳುವುದರಲ್ಲಿ ಸತ್ಯವಿತ್ತು. ಝಾಲನ್ನು, ಎಂದರೆ ಬೆಸುಗೆಯನ್ನು, ಅವನು ಸೋಮಾರಿತನಕ್ಕೆ ಹಾಕುತ್ತಿರಲಿಲ್ಲ. ಭಿವಂಡಿಯಲ್ಲಿ ಮುಂಡಪ್ಪ ಎಂಬ ಉಸ್ತಾದನ ಕೈಕೆಳಗೆ ಕಲಿಯುತ್ತಿದ್ದಾಗ ಅವನು ಬರೀ ಒತ್ತಿ ಬಿಟ್ಟಿದ್ದ ಒಂದು ಲಗ್ಗು ಕಳಚಿ, ಮಗ್ಗದ ಬೀಮು ಹೊತ್ತ ಟೆಂಪೊ ರೈಲು ಫಾಟಕದ ಹಳಿಯ ಮೇಲೆ ನಿಂತುಬಿಟ್ಟಿತ್ತು. ಜನ ಕೂಡಿ ತಳ್ಳಿದ್ದರು. ಮುಂಡಪ್ಪ ಹೊಡೆಯಲಿಲ್ಲವಂತೆ, ಇವನನ್ನು ಫಾಟಕಕ್ಕೆ ಕರೆದೊಯ್ದು ಮುಂದಿನ ರೈಲು ಹೋಗುವವರೆಗೂ ಹಳಿಯ ಪಕ್ಕ ನಿಲ್ಲಿಸಿದ್ದನಂತೆ. ಅಂದಿನಿಂದ ಒತ್ತಿದ ಮೇಲೊಂದು ಬೆಸುಗೆ. ಮದುವೆಯಾದ ಹೊಸತರಲ್ಲಿ ಇದನ್ನು ಹೇಳುವಾಗ ಅವನ ದನಿ ನಡುಗಿದ್ದು ಅವಳಿಗೆ ನೆನಪಿದೆ.

ಆದರೂ ಅವಳು ಕೇಳಿದಳು. ಕೇಳಬೇಕಾದದ್ದು ಒಂದೇ ಉಳಿದಿತ್ತು. ಕೇಬಲ್ಲನ್ನು ಲಗ್ಗಿನ ಹತ್ತಿರವೇ ಒಂದು ಕ್ಲಿಪ್ಪಿನಿಂದ ಎಂಜಿನ್ನಿಗೆ ಬಿಗಿದಿದ್ದರೆ ಅದು ಅಷ್ಟಾಗಿ ಅಲುಗುವುದಿಲ್ಲ, ಬೆಸುಗೆಯಿದ್ದರೂ ಬಹಳ ಕಾಲ ತಡೆಯುತ್ತದೆ.

"ಸರ್ವೋತ್ತಮಣ್ಣನ ಗಾಡೀದಾಗ ಕೇಬಲ್‌ಗೆ ಕ್ಲಿಪ್ ಹಾಕಿದ್ರೇನು?"

"ಹಾಕಿರ್ಬೇಕು."

"ಹಾಕಿರ್ಬೇಕೋ, ಹಾಕೀರೋ?"

ಅವನು ಬಟ್ಟೆಯನ್ನು ಬಾನೆಟ್ಟಿನ ಮೇಲೆ ಬಿಸಾಕಿದ. "ನಿನ್ನ ಚೆಕಿಂಗ್ ಟೇಬಲ್ ರಬಾಳೆದಾಗ ಇಟ್ಟು ಬಾ. ಇಲ್ಲಿ ನಾ ಯಾರಿಗೂ ರಿಪೋರ್ಟ್ ಕೊಡಂಗಿಲ್ಲ."

ದಾನಮ್ಮ ಫೋನು ತೆಗೆದು ಸರ್ವೋತ್ತಮನ ನಂಬರಿಗೆ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಎರಡನೆಯ ಸಲ ಮಾಡುವಾಗ ಅನಿಲಕುಮಾರ ಹತ್ತಿರ ಬಂದು, ಮೊದಲಿನ ಗಡಸು ಬಿಟ್ಟು, ಮೆಲ್ಲಗೆ ಮಾತಾಡಿದ. ಸರ್ವೋತ್ತಮನ ಕಿವಿಗೆ ಬಿದ್ದರೆ ಅರ್ಧ ತಾಸಿನಲ್ಲಿ ಶಾಲೆಯ ಬಾಗಿಲಲ್ಲಿರುವ ಎಲ್ಲರಿಗೂ ಗೊತ್ತಾಗುತ್ತದೆ, ಹೆಂಡತಿಯೇ ಹೇಳಿದಳೆಂದರೆ ಇನ್ನು ಕೇಳುವುದೇ ಬೇಡ, ಭಾನುವಾರ ಗಾಡಿ ಹೇಗೂ ಬರುತ್ತದೆ, ಬ್ಯಾಟರಿ ನೋಡುವ ನೆವದಲ್ಲಿ ಸದ್ದಿಲ್ಲದೆ ಬೇರೆ ಹಾಕಿಬಿಡುತ್ತೇನೆ ಎಂದ. "ಐದು ತಿಂಗಳು ನಡದದ. ಎರಡು ದಿನ ನಡೀಲಾರದೇನು?"

ಅದು ನಡೆಯಲೂಬಹುದು. ಅವಳ ಎದೆಯಲ್ಲಿದ್ದ ತೊಡಕೇ ಅದು. ಟೆಂಪೊದ್ದು ಐದು ತಿಂಗಳಿಗೆ ಮುರಿದರೆ ವ್ಯಾನಿನದು ಆರು ತಿಂಗಳಿಗೆ ಮುರಿಯಬಹುದು, ಎರಡು ವರ್ಷಕ್ಕೆ ಮುರಿಯಬಹುದು. ಇವತ್ತು ಮಧ್ಯಾಹ್ನವೂ ಮುರಿಯಬಹುದು. ಲೆಕ್ಕ ಹಾಕಿ ಹೇಳಲು ಅವಳೇನು ಎಂಜಿನಿಯರ್ ಅಲ್ಲ. ತಾನು ಹೇಳಿದ್ದು ಸುಳ್ಳಾದರೆ ಗಂಡನ ಇಪ್ಪತ್ತು ವರ್ಷದ ಹೆಸರನ್ನು ಬೀದಿಗೆ ತಂದ ಹಾಗೆ. ಹೇಳದೆ ಅದು ನಿಜವಾದರೆ? ಅಲ್ಲಿಗೆ ಯೋಚನೆ ನಿಂತುಬಿಡುತ್ತಿತ್ತು.

ಡಬ್ಬಿಯ ಮುಚ್ಚಳ ತೆಗೆಯದೆ ಅಲ್ಲೇ ಇಟ್ಟು, ಲಗ್ಗನ್ನು ಪರ್ಸಿಗೆ ಹಾಕಿಕೊಂಡು ಅವಳು ರಸ್ತೆಗೆ ಇಳಿದಳು.

ಅಂಗಡಿಯ ಹತ್ತಿರದ ಕಾಟೈ ನಾಕಾದಲ್ಲಿ ಸಿಕ್ಕ ರಿಕ್ಷಾ ಎರಡು ನಿಮಿಷ ಓಡಿ ನಿಂತಿತು. ಮೆಟ್ರೊ ಕಂಬಗಳಿಗಾಗಿ ರಸ್ತೆಯ ನಡುವೆ ತಗಡಿನ ಗೋಡೆ. ಎರಡೂ ಬದಿಗೆ ಲಾರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹನ್ನೆರಡು ಹೊಡೆಯಿತು. ರಿಕ್ಷಾದವನು ಎಂಜಿನ್ ಬಂದ್ ಮಾಡಿ ತಂಬಾಕು ತಿಕ್ಕತೊಡಗಿದ.

ಕೂತಲ್ಲೇ ಅವಳಿಗೆ ಆ ಕೇಬಲ್ಲು ಕಣ್ಣಿಗೆ ಕಟ್ಟುತ್ತಿತ್ತು. ಗಾಡಿಯ ಬೇರೆ ತಂತಿಗಳಿಗೆಲ್ಲ ಫ್ಯೂಸ್ ಇರುತ್ತದೆ. ತಗಡಿಗೆ ತಾಗಿದರೆ ಫ್ಯೂಸ್ ಹೋಗಿ ಕತೆ ಅಲ್ಲಿಗೇ ಮುಗಿಯುತ್ತದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ಇದಕ್ಕೆ ಫ್ಯೂಸ್ ಇಲ್ಲ. ಇದು ತುಂಡಾಗಿ ಎಂಜಿನ್ನಿನ ಮೈಗೆ ಬಿದ್ದರೆ ಬ್ಯಾಟರಿಯಲ್ಲಿದ್ದ ಶಕ್ತಿಯೆಲ್ಲ ಅಲ್ಲೇ ಕಿಡಿಯಾಗಿ ಸುರಿಯುತ್ತದೆ, ಕೇಬಲ್ಲು ಕೆಂಡವಾಗುವವರೆಗೂ ನಿಲ್ಲುವುದಿಲ್ಲ. ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಗೆ. ಮಕ್ಕಳ ಬೆನ್ನ ಹಿಂದೆ ಸಿಎನ್‌ಜಿ ಸಿಲಿಂಡರ್. ದಿವಾ-ಶೀಳ್ ರಸ್ತೆಯ ಹೊಂಡಗಳನ್ನು ಅವಳು ದಿನವೂ ನೋಡುತ್ತಾಳೆ. ಅವಳು ಮತ್ತೆ ಫೋನು ಮಾಡಿದಳು. ಸರ್ವೋತ್ತಮ ಎತ್ತಲಿಲ್ಲ. ಶಾಲೆಯ ಹತ್ತಿರ ಅವನು ಫೋನನ್ನು ಸೈಲೆಂಟ್ ಮಾಡಿಡುತ್ತಾನೆಂದು ಆಮೇಲೆ ಹೊಳೆಯಿತು.

ತಗಡಿನ ಗೋಡೆ ಮುಗಿದಲ್ಲಿ ರಿಕ್ಷಾ ಬಿಟ್ಟು, ಅಡ್ಡ ಗಲ್ಲಿಯಲ್ಲಿ ಓಡುನಡಿಗೆಯಲ್ಲಿ ಹೊರಟಳು. ಶಾಲೆಯ ಗೇಟು ಕಾಣುವ ಹೊತ್ತಿಗೆ ಮಕ್ಕಳು ಹೊರಬರುತ್ತಿದ್ದರು. ಗೋಡೆಗುಂಟ ಐದು ವ್ಯಾನು ಸಾಲಾಗಿ ನಿಂತಿದ್ದವು. ಸರ್ವೋತ್ತಮ ಮೊದಲನೆಯದರ ಬಾಗಿಲು ಸರಿಸಿ, ಒಂದೊಂದೇ ಮಗುವಿನ ಚೀಲ ತೆಗೆದುಕೊಂಡು ಒಳಗಿಡುತ್ತ, ಎಣಿಸುತ್ತ ಹತ್ತಿಸುತ್ತಿದ್ದ.

"ಎಂತ ದಾನಮ್ಮಕ್ಕ, ನೀವು ಇಲ್ಲಿ? ಇವತ್ತು ಡ್ಯೂಟಿ ಇಲ್ವಾ?"

ಅವಳು ಉಸಿರು ಹಿಡಿಯಲು ಬಾಗಿಲಿನ ಅಂಚಿಗೆ ಕೈ ಕೊಟ್ಟಳು. ಗಾಡಿ ತೆಗೆಯಬೇಡಿ, ಸ್ಟಾರ್ಟರಿನ ಕೇಬಲ್ಲು ಒಮ್ಮೆ ನೋಡಬೇಕು ಎಂದಳು. ಪರ್ಸಿನಿಂದ ಲಗ್ಗು ತೆಗೆದು ತೋರಿಸಿ, ಟೆಂಪೊದಲ್ಲಿ ಏನಾಯಿತೆಂದು ಹೇಳಿದಳು. ಸರ್ವೋತ್ತಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಮೊದಲು ಕಂಡದ್ದು ಗಾಬರಿಯಲ್ಲ, ಮುಜುಗರ. ಗಂಡ ಹೆಂಡಿರ ಜಗಳದ ನಡುವೆ ಬಂದು ಸಿಕ್ಕಿಕೊಂಡವನ ಹಾಗೆ ಅವನು ಆಚೀಚೆ ನೋಡಿದ.

"ಅನಿಲಣ್ಣ ಹೇಳಿದ್ರಾ?"

"ಇಲ್ಲ. ನಾನೇ ಬಂದೀನಿ."

"ಹಾಗಾದ್ರೆ ಅವರತ್ರ ಕೇಳುವ. ಅವರು ಕಟ್ಟಿದ್ದು ಬಿಚ್ಚುದಿಲ್ಲ ಅಕ್ಕ, ನಾನು ಬರೆದು ಕೊಡ್ತೇನೆ. ನೋಡಿ." ಅವನು ಕಿಟಕಿಯಿಂದಲೇ ಕೈ ತೂರಿಸಿ ಕೀಲಿ ತಿರುಗಿಸಿದ. ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಒಳಗಿದ್ದ ಮಕ್ಕಳು ಹೋ ಎಂದರು.

ಹಿಂದಿನ ವ್ಯಾನಿಗೆ ಒರಗಿ ನಿಂತಿದ್ದ ಮುರಾರಿ ಎಂಬ ಡ್ರೈವರ್ ನಕ್ಕ. ಅತ್ತಿಗೆಯನ್ನು ಕರೆಯುವಂತೆ ವಹಿನಿ ಎಂದು ಕರೆದು, ಇನ್ನು ನೀವೇ ಗ್ಯಾರೇಜು ತೆಗೆಯಿರಿ, ನಮ್ಮ ಗಾಡಿಯೂ ತರುತ್ತೇವೆ ಎಂದು ಮರಾಠಿಯಲ್ಲಿ ಅಂದ. ಉಳಿದವರೂ ನಕ್ಕರು. ದಾನಮ್ಮನಿಗೆ ಕಿವಿ ಬಿಸಿಯಾಯಿತು. ಎಂಜಿನ್ನಿನ ಸದ್ದು ಚೆನ್ನಾಗಿಯೇ ಇತ್ತು. ಹನ್ನೊಂದು ಮುಖಗಳು ಅವಳನ್ನು ನೋಡುತ್ತಿದ್ದವು. ಬಾಗಿಲಿನ ಪಕ್ಕವೇ ಕೂತಿದ್ದ, ಕೊರಳಲ್ಲಿ ದಿಶಾ ಎಂಬ ಹೆಸರಿನ ಪಟ್ಟಿ ತೂಗಿಸಿಕೊಂಡಿದ್ದ ಹುಡುಗಿಯೊಬ್ಬಳು, ಆಂಟಿ ನೀವೂ ಬರುತ್ತೀರಾ ಎಂದು ಹಿಂದಿಯಲ್ಲಿ ಕೇಳಿ ಸ್ವಲ್ಪ ಸರಿದು ಜಾಗ ಬಿಟ್ಟಳು.

ಈಗ ಹೊರಟುಬಿಡಬಹುದಿತ್ತು. ಹೇಳುವುದನ್ನು ಹೇಳಿಯಾಗಿದೆ. ಕೇಳದಿದ್ದರೆ ಅದು ಅವನ ತಲೆಯ ಮೇಲೆ. ಮಾರ್ಚಿನ ಆ ಸಂಜೆಯೂ ಇಂಥದ್ದೇ ಒಂದು ಸಬೂಬು ತನಗೆ ಸಿಕ್ಕಿತ್ತು ಎಂದು ಅವಳಿಗೆ ಅನಿಸಿತು. ಸರ್ವೋತ್ತಮ ಬಾಗಿಲು ಎಳೆಯಲು ಬಂದ. ಅವಳು ಕೈ ತೆಗೆಯಲಿಲ್ಲ.

"ಅಕ್ಕ, ಬಾಗಿಲು ಬಿಡಿ. ಮನೆಯವರು ಕಾಯ್ತಾರೆ ಮಾರಾಯ್ರೆ. ಹತ್ತು ನಿಮಿಷ ಲೇಟಾದ್ರೆ ಫೋನು ಶುರು."

"ಸರ್ವೋತ್ತಮಣ್ಣ, ಇದು ನನ್ನ ಗಂಡನ ಕೆಲಸ. ಅಂವ ಮಾಡಿದ್ದು ತಪ್ಪಾಗ್ಯದಂತ ನಾ ಹೇಳ್ಲತ್ತೀನಿ, ಇಷ್ಟು ಮಂದಿ ಮುಂದ. ಇದಕ್ಕಿಂತ ಹೆಚ್ಚಿಂದು ನನ್ನ ಹಂತೇಕ ಏನೂ ಇಲ್ಲ."

ಮುರಾರಿಗೆ ಕನ್ನಡ ಬಾರದು. ಆದರೂ ಅವನ ನಗು ನಿಂತಿತು. ಸರ್ವೋತ್ತಮ ಅವಳ ಮುಖವನ್ನೇ ನೋಡಿದ, ಕೈಯಲ್ಲಿದ್ದ ಲಗ್ಗನ್ನು ನೋಡಿದ. ಆಮೇಲೆ ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದ. ಅನಿಲಕುಮಾರನಿಗೆ ಫೋನು ಹಚ್ಚಿ ಕಿವಿಗಿಟ್ಟುಕೊಂಡ. ಎತ್ತುತ್ತಿಲ್ಲ ಎಂದು ಸನ್ನೆ ಮಾಡಿದ.

ಬಿಸಿಲು ಏರಿತ್ತು. ಮಕ್ಕಳು ಒಳಗೆ ಕುದಿಯುತ್ತಿದ್ದರು, ಯಾರೋ ಯಾರದೋ ನೀರು ಕುಡಿದರೆಂದು ಗಲಾಟೆ ಶುರುವಾಗಿತ್ತು. ಸರ್ವೋತ್ತಮನ ಫೋನಿಗೆ ಒಬ್ಬ ತಾಯಿಯ ಕರೆ ಬಂತು. ಹೊರಟೆವು, ಹೊರಟೆವು ಎಂದು ಅವನು ಸುಳ್ಳು ಹೇಳಿದ. ಹೀಗೆ ಐದು ನಿಮಿಷ ಕಳೆದಿರಬೇಕು. ಅಷ್ಟರಲ್ಲಿ ಗಲ್ಲಿಯ ತಿರುವಿನಲ್ಲಿ ಗಂಡನ ಸ್ಕೂಟರ್ ಕಂಡಿತು. ಕಾಲ ಬಳಿ ಸಲಕರಣೆಗಳ ಚೀಲ. ಕೈಗೆ ಹತ್ತಿದ ಗ್ರೀಸನ್ನೂ ತೊಳೆಯದೆ ಬಂದಿದ್ದ.

ಅನಿಲಕುಮಾರ ಅವಳ ಕಡೆ ನೋಡಲಿಲ್ಲ. ಸ್ಕೂಟರ್ ನಿಲ್ಲಿಸಿ ನೇರ ಸರ್ವೋತ್ತಮನ ಹತ್ತಿರ ಬಂದು, ಮಕ್ಕಳನ್ನು ಇಳಿಸಿ ಎಂದ.

"ನೀವೂ ಶುರು ಮಾಡಿದ್ರಾ?"

"ಇಳಸ್ರಿ. ಕ್ಲಿಪ್ ಹಾಕಿಲ್ಲ ನಾ. ಅವತ್ತು ಡಬ್ಬ್ಯಾಗ ಮುಗದಿದ್ವು. ನಾಳಿ ಹಾಕ್ತೀನಂತ ಬಿಟ್ಟಿದ್ದೆ."

ಮಕ್ಕಳನ್ನು ಇಳಿಸಿ ಫುಟ್‌ಪಾತಿನ ಮೇಲೆ ನಿಲ್ಲಿಸಿದ್ದು ದಾನಮ್ಮ. ಅನಿಲಕುಮಾರ ಮುಂದಿನ ಸೀಟನ್ನು ಎತ್ತಿ ಹಿಂದಕ್ಕೆ ಒರಗಿಸಿದ. ಮೊದಲು ಬ್ಯಾಟರಿಯ ಕನೆಕ್ಷನ್ ಬಿಚ್ಚಿದ. ಎಂಜಿನ್ ಕಾದಿತ್ತು, ಕೈ ಒಳಗೆ ಇಳಿಸುವಾಗ ಮೊಣಕೈಗೆ ಸುಟ್ಟಿತೆಂದು ಅವನ ಕತ್ತಿನ ನರ ನೋಡಿಯೇ ಅವಳಿಗೆ ತಿಳಿಯಿತು. ಅವನು ಕೈ ತೆಗೆಯಲಿಲ್ಲ. ಸ್ಪ್ಯಾನರು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ನಟ್ಟು ಸಡಿಲಾಯಿತು, ಕೇಬಲ್ಲಿನ ತುದಿ ಮೇಲೆ ಬಂತು.

ಮೇಲಿಂದ ನೋಡಿದರೆ ಏನೂ ಆಗಿರಲಿಲ್ಲ. ಕಪ್ಪು ಟೇಪಿನ ಸುತ್ತು ಹಾಕಿದಂತೆಯೇ ಇತ್ತು. ಮುರಾರಿ ಸರ್ವೋತ್ತಮನ ಹೆಗಲ ಮೇಲಿಂದ ಬಗ್ಗಿದ. ಉಳಿದ ಡ್ರೈವರುಗಳೂ ಸುತ್ತ ಸೇರಿದರು. ಅನಿಲಕುಮಾರ ಉಗುರಿನಿಂದ ಟೇಪು ಬಿಡಿಸಿದ. ಬೆಸುಗೆ ಮುಗಿಯುವಲ್ಲಿ, ಒಂದು ಬದಿಗೆ, ಎಂಟೋ ಹತ್ತೋ ಎಳೆಗಳು ಮುರಿದು ಹಲ್ಲುಜ್ಜುವ ಬ್ರಶ್ಶಿನ ಕೂದಲಿನ ಹಾಗೆ ಎದ್ದು ನಿಂತಿದ್ದವು. ಅಷ್ಟೇ. ಉಳಿದ ನೂರಾರು ಎಳೆ ಗಟ್ಟಿಯಾಗಿದ್ದವು.

ಸರ್ವೋತ್ತಮ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. "ಇಷ್ಟೆಯಾ? ನಾನು ಎಂತದೋ ಅಂದ್ಕೊಂಡೆ. ಹಾಗಾದ್ರೆ ಸ್ಟಾರ್ಟ್ ಆಗದ್ದು ಇದರಿಂದ ಅಲ್ಲ?"

ಅನಿಲಕುಮಾರ ಚೀಲದಿಂದ ಮೀಟರ್ ತೆಗೆದು ಬ್ಯಾಟರಿಗೆ ಇಟ್ಟ. ಅಲ್ಲ ಎಂದ. ಬ್ಯಾಟರಿಯೇ ಸೋತಿದೆ, ನಿನ್ನೆ ಹೇಳಿದ್ದು ಸರಿಯೇ ಇತ್ತು.

ದಾನಮ್ಮನ ಕೈಯಲ್ಲಿ ಒಂದು ಮಗುವಿನ ಕೈಯಿತ್ತು. ಅದು ಬೆವೆತಿತ್ತೋ ತನ್ನದು ಬೆವೆತಿತ್ತೋ ಗೊತ್ತಾಗಲಿಲ್ಲ. ಗಂಡನಿಗೆ ಈಗ ದಾರಿಯಿತ್ತು. ಹೆಂಡತಿ ಹೇಳಿದಷ್ಟೇನೂ ಆಗಿರಲಿಲ್ಲ. ಬ್ಯಾಟರಿಯ ಮೇಲೆ ಹಾಕಿ, ಟೇಪು ಸುತ್ತಿ, ನಕ್ಕು, ಭಾನುವಾರ ಬನ್ನಿ ಎಂದರೆ ಮುಗಿಯಿತು. ಡ್ರೈವರುಗಳು ಆ ನಗುವಿಗೇ ಕಾದಿರುವ ಹಾಗೆ ನಿಂತಿದ್ದರು. ಹಾಗೆ ಅವನು ನಕ್ಕರೆ ತಾನು ಏನೂ ಅನ್ನಲಾರೆ ಎಂಬುದೂ ಅವಳಿಗೆ ಗೊತ್ತಿತ್ತು.

ಅವನು ಕೇಬಲ್ಲಿನ ತುದಿಯನ್ನು ಬೆರಳಲ್ಲಿ ಹಿಡಿದು ಸುಮಾರು ಹೊತ್ತು ನೋಡಿದ. ಮುರಿದ ಎಳೆಗಳ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಆ ತುದಿಯನ್ನು ಸರ್ವೋತ್ತಮನ ಕೈಗೇ ಕೊಟ್ಟ.

"ಇದು ಐದು ತಿಂಗಳದಾಗ ಆಗಿದ್ದು. ಟೆಂಪೋದ್ದು ಪೂರಾ ಹೋತು, ಇದು ಹೋಗ್ಲತ್ತದ. ಬ್ಯಾಟರಿ ಮಾತು ಬ್ಯಾರೆ. ಇದು ನಾ ಮಾಡಿದ್ದು, ಅಣ್ಣ. ಒತ್ತಿದ ಮ್ಯಾಲ ಝಾಲ್ ಹಾಕಬಾರದಿತ್ತು."

ಸರ್ವೋತ್ತಮ ದನಿ ತಗ್ಗಿಸಿದ. ಇದನ್ನು ಇಲ್ಲಿ, ಇವರೆಲ್ಲರ ಎದುರು ಹೇಳುವ ಅಗತ್ಯ ಇತ್ತಾ ಎಂದು ಕೇಳಿದ. ನಿಮ್ಮ ಹೆಸರು ಹೇಳಿ ಇವರನ್ನೆಲ್ಲ ಕಳಿಸಿದವನು ನಾನು, ನನಗೂ ಒಂದು ಮುಖ ಇದೆಯಲ್ಲ ಎಂದ. ಸರ್ವೋತ್ತಮ ಕೇಬಲ್ಲಿನ ತುದಿಯನ್ನು ಸೀಟಿನ ಮೇಲೆ ಹಾಕಿ, ತನ್ನ ಕುಂದಾಪುರದ ಮಾತಿನಲ್ಲಿ ತನಗೆ ತಾನೇ ಏನೋ ಅಂದುಕೊಂಡು, ಮಕ್ಕಳಿಗಾಗಿ ರಿಕ್ಷಾ ಕರೆಯಲು ರಸ್ತೆಯ ಕಡೆ ನಡೆದ. ಮೂರು ರಿಕ್ಷಾ ಬೇಕಾಗುತ್ತದೆ ಎಂದು ಅಲ್ಲಿಂದಲೇ ಕೂಗಿ ಹೇಳಿದ. ಯಾರಿಗೆ ಹೇಳಿದನೋ.

ಮುರಾರಿ ತನ್ನ ವ್ಯಾನಿನ ಹತ್ತಿರ ಹೋಗಿ ನಿಂತಿದ್ದ. ಅವನ ವ್ಯಾನಿನ ಮಕ್ಕಳೂ ಹತ್ತಿ ಕೂತಾಗಿತ್ತು. ಅನಿಲಕುಮಾರ ಚೀಲ ಎತ್ತಿಕೊಂಡು ಅವನ ಎದುರು ನಿಂತ.

"ಮುರಾರಿಭಾಯ್, ಸೀಟ್ ಉಠಾವ್," ಎಂದು ಹಿಂದಿಯಲ್ಲಿ ಸೀಟು ಎತ್ತಲು ಹೇಳಿದ.

ಮುರಾರಿ ದಾನಮ್ಮನ ಕಡೆ ನೋಡಿದ. ಈ ಸಲ ವಹಿನಿ ಎಂದು ಕರೆಯಲಿಲ್ಲ. ಅವಳು ಅವನ ವ್ಯಾನಿನ ಬಾಗಿಲು ಸರಿಸಿ ಮಕ್ಕಳಿಗೆ ಕೈ ಚಾಚಿದಳು. ಒಬ್ಬೊಬ್ಬರಾಗಿ ಇಳಿದರು, ಚೀಲಗಳು ಗೋಡೆಯ ನೆರಳಿನಲ್ಲಿ ರಾಶಿಯಾದವು. ಮೂರನೆಯ ವ್ಯಾನಿನವನು ತಾನಾಗಿಯೇ ಮಕ್ಕಳನ್ನು ಇಳಿಸತೊಡಗಿದ. ನಾಲ್ಕನೆಯವನು ಯಾರಿಗೋ ಫೋನಿನಲ್ಲಿ ಜೋರು ದನಿಯಲ್ಲಿ ಬ್ಯಾಟರಿ, ಕೇಬಲ್, ಮಿಸ್ತ್ರಿ ಎಂದು ಹೇಳುತ್ತಿದ್ದ; ಅಲ್ಲಿಂದ ಮಾತು ಎಲ್ಲಿಗೆ ಹೋಗುತ್ತದೆಂದು ದಾನಮ್ಮನಿಗೆ ಗೊತ್ತಿತ್ತು. ಅನಿಲಕುಮಾರನಿಗೂ ಕೇಳಿಸಿರಬೇಕು. ಅವನು ಮುರಾರಿಯ ಎಂಜಿನ್ನಿನೊಳಗೆ ಬಗ್ಗಿದ್ದ, ಬೆನ್ನಿನ ಅಂಗಿ ಒದ್ದೆಯಾಗಿ ಅಂಟಿತ್ತು. "ದಾನಾ, ಟಾರ್ಚ್ ಹಿಡಿ ಬಾ," ಎಂದ, ತಿರುಗದೆ. ಅವಳು ಹೋಗಿ ಹಿಡಿದಳು.

ಐದನೆಯ ವ್ಯಾನಿನವನು ಮಾತ್ರ ಕೀಲಿ ತಿರುಗಿಸಿದ. ಅವನ ವೈರಿಂಗು ಅನಿಲಕುಮಾರ ಮಾಡಿದ್ದಲ್ಲ, ಕಲ್ಯಾಣದಲ್ಲಿ ಬೇರೆ ಯಾರೋ ಮಾಡಿದ್ದು ಎಂದು ಮೊದಲೇ ಹೇಳಿದ್ದ. ವ್ಯಾನು ಸಾಲಿನಿಂದ ಹೊರಬಂದು, ಹೊರಡದೆ ನಿಂತ ನಾಲ್ಕು ಗಾಡಿಗಳ ಪಕ್ಕದಲ್ಲಿ ನಿಧಾನವಾಗಿ ದಾಟಿ, ಗಲ್ಲಿಯ ತಿರುವಿನವರೆಗೆ ಹೋಯಿತು. ಅಲ್ಲಿ ನಿಂತಿತು. ಸ್ವಲ್ಪ ಹೊತ್ತು ಬ್ರೇಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಆಮೇಲೆ ಅದು ಆರಿತು, ಡ್ರೈವರ್ ಕೆಳಗಿಳಿದು ಬಾಗಿಲು ತೆರೆದ, ಮಕ್ಕಳನ್ನು ಇಳಿಸಿ ರಸ್ತೆಯ ಅಂಚಿಗೆ ನಿಲ್ಲಿಸಿ, ಮುಂದಿನ ಸೀಟನ್ನು ತಾನೇ ಎತ್ತಿದ.